ವರ, ಖಾಲಿ

ನಂದು ಮೋಟರ್ ಸುತ್ತೋ ಕೆಲಸ. ಅಪ್ಪನಿಂದ ಬಂದದ್ದು.
ನೀರಿನ ಪಂಪು, ಹಿಟ್ಟಿನ ಗಿರಣಿ, ಮಗ್ಗ—
ಯಾವುದು ಸುಟ್ಟದ, ಯಾವುದು ಬರೇ ನೀರು ಕುಡದದ
ಮೂಗಿನಿಂದಲೇ ಹೇಳ್ತೀನಿ.
ವಿಮಾನದ್ದು ಮಾತ್ರ ಮೂಸಿರಲಿಲ್ಲ.

ಸೋಲಾಪುರ ಬಿಟ್ಟು ಅಕ್ಕಲಕೋಟ ರಸ್ತಾಕ್ಕ ರೇವಣಮಾಮಾನ ಶೆಡ್ಡು.
ಹದಿನಾರು ಮಗ್ಗ ಕಿಲೋ ಲೆಕ್ಕದಾಗ ಮೋಡಕಾಕ್ಕ ಹೋದವು.
ನೆಲದಾಗ ಬೋಲ್ಟಿನ ತೂತು ಹಂಗೇ ಅವ.
ಅವುಗಳ ಮ್ಯಾಲ ಈಗ ಇಬ್ಬರು ಕೂಡೋವಷ್ಟು ಅಲ್ಯೂಮಿನಿಯಂ,
ಏಳು ವರ್ಷದಿಂದ.
ರೆಕ್ಕಿ ಗ್ವಾಡಿಗೆ ಆನಿಸೀವಿ. ಬಾಗಿಲಾ ಸಣ್ಣದು,
ಒಡೀಬೇಕು. ಅದು ಆಮ್ಯಾಲ.

ಫ್ಲ್ಯಾಪಿನ ಮೋಟರು ಮುಂಗೈಯಷ್ಟು ಉದ್ದ,
ಟ್ರಿಮ್ಮಿನದು ಬೆಂಕಿಪೊಟ್ಟಣ.
ಅದಕ್ಕ ಐದು ವೈರು:
ಎರಡು ಬಿಳಿ, ತಿರುಗಲಿಕ್ಕ;
ಮೂರು ಬಣ್ಣದವು, ಎಲ್ಲಿದ್ದೀನಿ ಅಂತ ಹೇಳಲಿಕ್ಕ.
ಮನುಷ್ಯಾಗೂ ಇಷ್ಟು ಕೊಟ್ಟಿದ್ರ, ಅಂದೆ.
ಮಾಮಾ ನಗಲಿಲ್ಲ. ಭೂತಗನ್ನಡಿ ಹಿಡಕೊಂಡು ಕ್ರಿಂಪ್ ನೋಡ್ತಿದ್ದ.

ಬೆಸುಗಿ ಬ್ಯಾಡ, ಅಂದ. ನಡುಗಿ ನಡುಗಿ ಬಿರೀತದ.
ಮೂವತ್ತು ವರ್ಷ ಬೆಸೆದ ಕೈ ನಂದು, ಸುಮ್ಮ ಕೂತ್ವು.
ಅಂಬುಬಾಯಿ ಬಂದಳು. ಹದಿನಾರರಾಗ ನಾಕು ಮಗ್ಗ ಆಕಿ ನಡಸ್ತಿದ್ದಳು.
ಮೇಣದ ದಾರ ತಗೊಂಡು ವೈರು ಜಡಿ ಕಟ್ಟಿದಳು,
ಹರಿದ ಎಳಿಗೆ ಹಾಕೋ ಅದೇ ಗಂಟು, ಗೇಣಿಗೆ ಮೂರು.
‘ಗಟ್ಟಿಗಾ ಉಂದಿ,’ ಅಂದಳು, ಎಳೆದು ನೋಡಿ.

ಸ್ವಿಚ್ಚಿಗೆ ಅಕ್ಷರ ಬರೆದವ ದತ್ತು ಪೇಂಟರ್,
ಲಾರಿ ಹಿಂದ ಕಮಲ ಬರಿಯೋ ಕೈ.
ಮ್ಯಾಲ: ವರ. ಕೆಳಗ: ಖಾಲಿ.
ಅವನ ಮರಾಠಿಯಾಗ ಮ್ಯಾಲ ಕೆಳಗ, ಅಷ್ಟ.
ನಾ ಕಲ್ತದ್ದು ಕನ್ನಡ ಸಾಲಿ.
ವರ ಅಂದ್ರ ದೇವರು ಕೊಡೋದು,
ಇಲ್ಲಾ ಬಾಸಿಂಗ ಕಟಗೊಂಡು ಬರೋದು.
ನಮ್ಮನಿಗೆ ಎರಡೂ ಬರಲಿಲ್ಲ.
ಖಾಲಿ ಅಂದ್ರ ಖಾಲಿ.

ರಾತ್ರಿ ಕರೆಂಟ್ ಹೋತು. ಬ್ಯಾಟರಿ ಹಚ್ಚಿದ್ವಿ,
ಅದಕ್ಕೇನು, ಹನ್ನೆರಡು ವೋಲ್ಟು, ಯಾರ ಹಂಗಿಲ್ಲ.
ಮೊದಲು ಫ್ಲ್ಯಾಪು: ಸಾವಕಾಶ ಇಳೀತು,
ಅಟ್ಟದ ಮ್ಯಾಲಿನ ಗಾದಿ ಇಳಿಸಿದಂಗ.
ಕೊನಿಗೆ ಟಿಕ್ ಅಂತು, ನಿಂತ್ತು.
ಆಮ್ಯಾಲ ಟ್ರಿಮ್ಮು. ವರ ಒತ್ತಿದೆ.
ಬಾಲದ ತುದಿಗೆ ಅಂಗೈ ಅಗಲ ಪಟ್ಟಿ ಅದ ನೋಡ್ರಿ,
ಅದು ಕೆಳಗ ಹೋತು.

ಉಲ್ಟಾ ಆತು, ಅಂದೆ. ಬಿಳಿ ಎರಡೂ ಬಿಚ್ಚಿದೆ,
ಅದರ ಜಾಗಾಕ್ಕ ಇದು, ಇದರ ಜಾಗಾಕ್ಕ ಅದು.
ಮಾಮಾ ತಡೀಲಿಲ್ಲ, ಮುಗಿಯೂತನಕ ಕಾದ.
‘ಗುರಾಬಾಯಿ, ಪಟ್ಟಿ ಕೆಳಗ ಹೋದ್ರ
ಗಾಳಿ ಅದನ್ನ ಮ್ಯಾಲ ನೂಕ್ತದ.
ಅದು ಹಿಂದಿನ ದೊಡ್ಡದನ್ನ ಎಬ್ಬಸ್ತದ,
ಬಾಲ ಕೂಡ್ತದ, ಮೂಗು ಏಳ್ತದ.
ಮೊದಲಿಂದೇ ಖರೆ ಇತ್ತು.’

ಎರಡು ಬಿಳಿ. ಗುರುತಿಲ್ಲ. ಮತ್ತ ಬಿಚ್ಚಿದೆ, ಮತ್ತ ಹಾಕಿದೆ.
ಬ್ರೇಕರಿನ ಗುಂಡಿಗೆ ದಾರ ಸುತ್ತಲಿಕ್ಕ ಹೇಳಿದ ಅಂಬುಬಾಯಿಗೆ—
ಮೋಟರಿಗೆ ಹುಚ್ಚು ಹಿಡಿದು ನಿಲ್ಲದಿದ್ರ
ನೋಡದಲೇ ಬೆರಳಿಗೆ ಸಿಗಬೇಕು, ಕೀಳಬೇಕು.

ದತ್ತು ಕೇಳಿದ, ಕನ್ನಡದಾಗ ಬರೀಲೇನು?
ಬ್ಯಾಡ ಅಂದೆ.

ಮನಿಗೆ ಬಂದು ರೊಟ್ಟಿ ಮುರಿಯೋ ಮುಂದ
ಹೆಬ್ಬೆರಳು ತಾನೇ ತಾಟಿನ ಅಂಚು ಒತ್ತತಿತ್ತು, ಮ್ಯಾಲಕ್ಕ.
ಎಲ್ಲೋ ಹಿಂದ, ನನಗ ಕಾಣದಲ್ಲೆ,
ಏನೋ ಒಂದು ಕೆಳಗ ಹೋಗ್ತಿತ್ತು.