ಬೊಳ್ಳವ್ವನ ಗೋಡೆಯ ಕಡಲು

ಸಹಕಾರ ಸಂಘದ ಲೆಕ್ಕ ನೋಡಲು ಬಂದವಳು ನಾನು,
ಮಲ್ಪೆಯವಳು. ಜನವರಿ. ಮೂರು ದಿನದ ಭತ್ಯೆ.
ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ಬೊಳ್ಳವ್ವನ ಮನೆಯಲ್ಲಿ ಮಹಡಿಯ ಕೋಣೆ.
ಕೋಣೆಯಲ್ಲಿ ಮಂಚ, ಹೂಜಿ, ಎರಡು ಕಂಬಳಿ,
ಮತ್ತೆ, ನಂಬಿದರೆ ನಂಬಿ, ಒಂದು ಕಡಲು.

ಇಂಗ್ಲೆಂಡಿನದಂತೆ. ತೋಟ ಮಾರಿ ಹೋದ ದೊರೆಯೊಬ್ಬ
ಬೊಳ್ಳವ್ವನ ಮಾವನಿಗೆ ಸಂಬಳದ ಬಾಕಿಗೆ ಬದಲು
ಕೊಟ್ಟದ್ದು ಒಂದು ಕುರ್ಚಿ, ಒಂದು ಛತ್ರಿ, ಈ ಚಿತ್ರ.
ಅಡಿಯಲ್ಲಿ ಊರಿನ ಹೆಸರಿತ್ತು, ಗೆದ್ದಲು ತಿಂದಿತು.
ಉಳಿದದ್ದು ಒಂದು ಅಕ್ಷರ, ಅದೂ ಅರ್ಧ.

ಸಣ್ಣ ಊರು. ಬಿಳಿ ಮನೆಗಳು ಸಾಲಾಗಿ
ಫೋಟೋಕ್ಕೆ ನಿಂತ ಶಾಲೆಮಕ್ಕಳ ಹಾಗೆ.
ನೀರಿನೊಳಕ್ಕೆ ನಡೆದು, ಸಾಕೆನಿಸಿ, ಅಲ್ಲೇ ನಿಂತ
ಮರದ ಸೇತುವೆ, ಯಾವ ದಡಕ್ಕೂ ಮುಟ್ಟಿಸದ್ದು.
ಸುಣ್ಣದ ಬಂಡೆ, ಅದರ ನೆತ್ತಿಗೆ ಹುಲ್ಲು,
ಹುಲ್ಲಲ್ಲಿ ಕುರಿಯೋ ಕಲ್ಲೋ ನಾಲ್ಕು ಚುಕ್ಕೆ.
ಕೋಟು ತೊಟ್ಟು ಕುರ್ಚಿಯಲ್ಲಿ ಕೂತ ಜನ
ಕಡಲನ್ನು ನೋಡುತ್ತಿದ್ದಾರೆ
ಬಸ್ಸಿಗೆ ಕಾದ ಹಾಗೆ.

ಶುಕ್ರವಾರ ರಾತ್ರಿ ನಿದ್ದೆ ಬರಲಿಲ್ಲ.
ಸದ್ದಿಲ್ಲದ ಕಡಲಿನ ಪಕ್ಕ ಮಲಗಿ ಅಭ್ಯಾಸವಿಲ್ಲ.
ಎದ್ದು ದೀಪ ಹಾಕಿ ತಪಾಸಣೆಗೆ ತೊಡಗಿದೆ:
ಬಲೆ ಎಲ್ಲಿ? ಒಣಗಲು ಹಾಕಿದ ಮೀನು?
ದೋಣಿಗೆ ಬಳಿದ ಎಣ್ಣೆಯ ವಾಸನೆ? ಬೈಗುಳ?
ಅಲೆಗಳನ್ನು ಎಣಿಸಿದೆ, ಹದಿನೇಳು.
ಗಾಳಿ ಮಾತ್ರ ತಾಳೆಯಾಗಲಿಲ್ಲ.
ಕಂಬದ ಬಾವುಟ ಎಡಕ್ಕೆ, ಹಡಗಿನ ಹೊಗೆ ಬಲಕ್ಕೆ.

ಬೆಳಿಗ್ಗೆ ಐದೂವರೆಗೆ ಕಿಟಕಿಯಡಿ ಗುರುತಿನ ನಾತ.
ಮಾಕುಟ್ಟದ ಕಾಡು ದಾಟಿ ಬಂದ ಲಾರಿ,
ಮಂಜುಗಡ್ಡೆಯ ನೀರು ತೊಟ್ಟಿಕ್ಕಿ ಡಾಂಬರಿನ ಮೇಲೆ
ಕಣ್ಣೂರಿನಿಂದ ಇಲ್ಲಿವರೆಗೂ ಒಂದು ಒದ್ದೆ ಗೆರೆ.
ಮೊಯ್ದುಟ್ಟಿ ಬುಟ್ಟಿ ಇಳಿಸುತ್ತ ಕೂಗಿದ, ಮತ್ತೀ, ಮತ್ತೀ.
ನಮ್ಮೂರಲ್ಲಿ ಅದು ಬೂತಾಯಿ.
ಹೆಸರು ಬದಲಿಸಿಕೊಂಡು ಘಟ್ಟ ಹತ್ತಿದ ನೆಂಟನ
ಕಿವಿರು ಎತ್ತಿ ನೋಡಿದೆ. ಎರಡು ದಿನ ಹಳತು.
"ನಿನ್ನೆಯದು" ಅಂದ.
ಇಬ್ಬರೂ ನಕ್ಕೆವು.

ಬೊಳ್ಳವ್ವ ಅದಕ್ಕೆ ಕಾಚಂಪುಳಿ ಹುಯ್ದರು,
ಡಾಂಬರಿಗಿಂತ ಕಪ್ಪು, ನಾಲಗೆಯ ಬದಿ ಜುಮ್ಮೆನ್ನುವ ಹುಳಿ.
ಅವರು ಕಡಲು ಕಂಡಿಲ್ಲ.
"ಮದುವೆಯಾದಾಗಿನಿಂದ ಅದರ ಧೂಳು ಒರೆಸುತ್ತಿದ್ದೇನಲ್ಲ,
ಇನ್ನೇನು ಕಾಣುವುದು?
ನಿನಗೆ ಬೇಕಿದ್ದರೆ ತಡಿಯಂಡಮೋಳಿಗೆ ಹೋಗು.
ಮೋಡವಿಲ್ಲದ ದಿನ ಕಾಣುತ್ತದಂತೆ."

ಭಾನುವಾರ ಕಕ್ಕಬ್ಬೆಯ ಬಸ್ಸು.
ದಾರಿಯುದ್ದಕ್ಕೂ ಕಣಗಳಲ್ಲಿ ಕಾಫಿ ಹರವಿದ್ದರು,
ಹೆಂಗಸರು ಕಾಲಲ್ಲೇ ಗೆರೆ ಎಳೆಯುತ್ತ ತಿರುವುತ್ತಿದ್ದರು.
ಮರಳಲ್ಲಿ ಮೀನು ತಿರುವುವಾಗ ನನ್ನಮ್ಮನೂ ಹೀಗೇ,
ಕಾಗೆಯ ಮೇಲೊಂದು ಕಣ್ಣಿಟ್ಟು.

ಕುಡಿಯರ ಹುಡುಗ ಬೆಳ್ಯಪ್ಪ ಮುಂದೆ,
ಹಿಂದೆ ನನ್ನ ಏದುಸಿರು.
ಶೋಲಾ ಕಾಡಿನೊಳಗೆ ತಂಪು. ಇಂಬಳಗಳಿಗೆ ರಜೆ.
ಆಮೇಲೆ ಮರಗಳೇ ಇಲ್ಲ. ಹುಲ್ಲು.
ಗಾಳಿ ಬೀಸಿದಾಗ ಇಡೀ ಬೆಟ್ಟ ಒಮ್ಮೆ ಹಿಂದಕ್ಕೆ ಸರಿದು
ಮತ್ತೆ ನನ್ನ ಮೇಲೇ ಬಂತು.
ಕೈ ಚಾಚಿ ಬಂಡೆ ಹಿಡಿದೆ, ದೋಣಿಯ ಅಂಚು ಹಿಡಿವ ಹಾಗೆ.
ನಗಬೇಡ ಅಂದೆ ಹುಡುಗನಿಗೆ.

ತುದಿಯಲ್ಲಿ ಪಡುವಕ್ಕೆ ತಿರುಗಿ ಕೂತೆವು.
ನಾನು ಸ್ವೆಟರ್ ತೊಟ್ಟು, ಕೈ ಮಡಿಲಲ್ಲಿಟ್ಟು,
ಥೇಟು ಆ ಚಿತ್ರದವರೇ.
ಕೆಳಗೆ ಕಾಡು, ಕಾಡಿನಾಚೆ ಬಿಸಿಲಿನ ಮಬ್ಬು,
ಮಬ್ಬಿನಾಚೆ ಬೆಳ್ಳಗೆ ಒಂದು ಗೆರೆ.
ಮೋಡವಿರಬಹುದು. ನನ್ನ ಕನ್ನಡಕವಿರಬಹುದು.
"ಅದೇನಾ ಮೇಡಂ? ನೀವು ಆ ಕಡೆಯವರಲ್ಲವಾ,
ನೋಡಿದರೆ ಗೊತ್ತಾಗಬೇಕು."

ನಲವತ್ತಾರು ವರ್ಷ ಅದರ ಬಾಗಿಲಲ್ಲೇ ಇದ್ದವಳು.
ಇಷ್ಟು ದೂರದಿಂದ ಅದನ್ನು ನೋಡಿಯೇ ಇರಲಿಲ್ಲ.

ಹೌದು, ಅಂದೆ. ಅವನು ಎದ್ದು ನಿಂತು
ಅಂಗಿಯ ಗುಂಡಿ ಹಾಕಿಕೊಂಡು ಮತ್ತೊಮ್ಮೆ ನೋಡಿದ.

ಸೋಮವಾರ ಸಂಜೆ ಚೀಲ ಕಟ್ಟುವಾಗ
ಬೊಳ್ಳವ್ವ ಸೆರಗಿನ ತುದಿಯಲ್ಲಿ ಗಾಜು ಒರೆಸುತ್ತಿದ್ದರು.
"ಸಂಘದ ಲೆಕ್ಕ ಸರಿಹೋಯಿತಾ?"
ನಲವತ್ತಮೂರು ರೂಪಾಯಿ ಸಿಗಲಿಲ್ಲ, ಅಂದೆ.
"ಎಲ್ಲೋ ಇರುತ್ತದೆ ಬಿಡು."
ಚೌಕಟ್ಟಿನ ಮೂಲೆಯಲ್ಲಿ, ಆ ಮರದ ಸೇತುವೆಯ ತುದಿಗೆ,
ಜೇಡವೊಂದು ರಾತ್ರೋರಾತ್ರಿ ಬಲೆ ಕಟ್ಟಿತ್ತು.
ಅವರ ಕೈ ಅತ್ತ ಹೋಯಿತು.
ಅದೊಂದು ಇರಲಿ ಬೊಳ್ಳವ್ವ, ಅಂದೆ.