ಹಿಟ್ಟು ಹಿಡದಷ್ಟು ನೀರು

ಸೊಹಾರಿನಾಗ ಮೂರನೇ ಮಾಳಿಗಿ. ಹೊರಗ ನಲವತ್ತಾರು ಡಿಗ್ರಿ.
ಕಿಟಕಿ ಗಾಜಿನ ಮ್ಯಾಲ ಸಮುದ್ರದ ಬೆವರು.
ಆಕಿ ಹೆಸರು ಟೋರುನ್.
ನನ್ನ ನಾಲಿಗಿಗೆ ಬಂದದ್ದು ತೋರಣ.
ತೋರಣವ್ವಾ ಅಂದ್ರ ಓ ಅಂತಾಳ.
ಬಾಗಲಕ್ಕ ಕಟ್ಟೋ ಮಾವಿನೆಲಿ ಅಂತ ಅರ್ಥ ಹೇಳಿದ ಮ್ಯಾಲಂತೂ
ಅದನ್ನ ಚೀಟಿ ಮ್ಯಾಲ ಬರದು ಕದಕ್ಕ ಅಂಟಿಸ್ಯಾಳ.

ಅರವತ್ತು ದಾಟಿದ ಮ್ಯಾಲ ಆಕಿ
ಹಾಲು ಬಿಟ್ಟಳು, ಬೆಣ್ಣಿ ಬಿಟ್ಟಳು, ತತ್ತಿ ಬಿಟ್ಟಳು,
ನಾರ್ವೆದಾಗ ಮೀನಿನ ಊರಾಗ ಹುಟ್ಟಿ ಮೀನೂ ಬಿಟ್ಟಳು.
ಯಾಕ ಅಂತ ಕೇಳಿದ್ರ
ಹೆಸರಿಟ್ಟು ಸಾಕಿದ ಮೇಕಿಯೊಂದರ ಕತಿ ಶುರು ಮಾಡತಾಳ,
ಎಂದೂ ಮುಗಸಂಗಿಲ್ಲ.
ನಾನೂ ಮತ್ತ ಕೇಳಂಗಿಲ್ಲ.

ಆದ್ರ ನಾಲಿಗಿ ಬಿಡಬೇಕಲ್ಲ?
ಅವ್ವನ ಕೈಬರಹದ ಪುಸ್ತಕ ತಗದು ಕೂಡತಾಳ,
ಮೂಗಿನ ತುದಿಗೆ ಚಸ್ಮಾ, ಕೈಯಾಗ ಪೆನ್ಸಿಲ್.
ಸಾಲು ಸಾಲಿಗೂ ಸ್ಮೊರ್, ಸ್ಮೊರ್. ಬೆಣ್ಣಿ ಅಂತ.
ಗೀಟು ಹೊಡೀತಾಳ. ಹೊಡದು ನನ್ನ ಮಾರಿ ನೋಡತಾಳ:
ಈಗೇನು ಹಾಕೋದು, ಕಾಶವ್ವಾ?

ನನ್ನ ಟ್ರಂಕಿನಾಗ ಇಳಕಲ್ಲಿಂದ ತಂದದ್ದು
ಎರಡು ಕೇಜಿ ಅಗಸಿ, ಶೇಂಗಾ, ಒಂದಿಷ್ಟು ಗುರೆಳ್ಳು.
ಹಿಂಡಿ ಕುಟ್ಟಾಕ ಇಟ್ಟ ಅಗಸಿನ ಬೀಸಿ ನೀರಾಗ ಕಲಸಿ
ನೋಡಿಲ್ಲೆ, ತತ್ತಿ ಹಂಗ ಜಿಗಟು, ಅಂತ ಆಕಿನ ತೋರಿಸಿದ್ಳು.
ಹುಟ್ಟಿದಾಗಿಂದ ಅಗಸಿ ತಿಂದಾಕಿ ನಾ,
ಅದರೊಳಗಿನ ತತ್ತಿ ಕಂಡಿರಲಿಲ್ಲ.
ಯಾಲಕ್ಕಿ ಬನ್ನು ಉಬ್ಬಿ ಬಂದವು.

ಕ್ಯಾಬೀಜು, ಇಡೀ ಮೆಣಸಿನ ಕಾಳು,
ಮಾಂಸ ಇಲ್ಲದ ಮಾಂಸದ ಸಾರು,
ಮೂರು ತಾಸು ಕುದ್ದು ಮನಿಯೆಲ್ಲಾ ಘಮ ಅಂತು.
ಉಂಡು ನೋಡಿದ್ರ ನೀರು.
ಕೆಂಪು ಮೆಣಸಿನಕಾಯಿ ಒಗ್ಗರಣಿ ಕೊಡಲೇನು ಅಂದೆ.
ಬ್ಯಾಡ ಅಂದ್ಳು. ತುಸು ಹೊತ್ತಿಗೆ, ಸ್ವಲ್ಪ, ಅಂದ್ಳು.

ಕಂದು ಚೀಜು ಮಾತ್ರ ಆಗಲಿಲ್ಲ.
ಮೇಕಿ ಹಾಲು ಒಡದ ನೀರು ಕಾಸಿ ಕಾಸಿ ಮಾಡೋದಂತ, ಬೆಲ್ಲದ ಬಣ್ಣ.
ಗೋಡಂಬಿ ಹಾಲು, ಖಜೂರದ ಪಾಕ,
ಐದು ಸಲ ಕಾಸಿದಿವಿ, ಐದು ಸಲ ಪಾತೇಲಿ ತಳ ಹಿಡೀತು.
ಆರನೇದ್ದು ಛಲೋ ಬಂತು, ನಾ ಉಂಡಿ ಕಟ್ಟಿ ತಿಂದೆ.
ಆಕಿ ಒಂದು ಚೂರು ಬಾಯಾಗಿಟ್ಟು
ಕಣ್ಣು ಮುಚ್ಚಿ ಬಾಳ ಹೊತ್ತು ಕುಂತು
ಅಲ್ಲ, ಅಂದ್ಳು. ಅಷ್ಟ.

ಒಂದಿನ ಹಳೇ ಫೋಟೋ ತಗದಳು:
ಹಿಮ ಬೀಳೋಕಿಂತ ಮುಂಚೆ ಊರ ಹೆಂಗಸರು ಕೂಡಿ
ತೆಳ್ಳನ್ನ ರೊಟ್ಟಿ ಸುಟ್ಟು ಒಣಗಿಸಿ
ಎದಿಮಟ ಒಟ್ಟಿ ಇಡತಿದ್ರಂತ, ವರ್ಷದ ತನಕ.
ಅಯ್ಯ ನಮ್ಮವ್ವಾ, ಇದು ಕಟಕ ರೊಟ್ಟಿ!
ಆಕಿ ಬಾರ್ಲಿ ಹಿಟ್ಟು ತಂದಳು, ನಾ ಬಡಿಯಾಕ ಕುಂತೆ.
ಆಕಿದು ಗೀರು ಗೀರಿನ ಲಟ್ಟಣಿಗಿ,
ನಂದು ಅಂಗೈ.
ಥಪ್ ಥಪ್ ಕೇಳಿ ಕೆಳಗಿಂದ ವಾಚಮನ್ ಓಡಿ ಬಂದ,
ಯಾರಿಗೆ ಹೊಡಿಯಾಕತ್ತೀರಿ ಅಂತ.
ಒಂದು ರೊಟ್ಟಿ ಕೈಯಾಗಿಟ್ಟು ಕಳಿಸಿದಿವಿ.

ಆದ್ರ ಇದು ನಮ್ಮ ಕಡೆ ಒಣ ಬಿಸಿಲಲ್ಲ, ಹಸಿ ಗಾಳಿ.
ಮುಂಜಾನೆ ಕಟಕ್ ಅಂದದ್ದು ಸಂಜೀಕ
ಹಳೇ ಧೋತರ ಹಂಗ ಮಡಚತಿತ್ತು.
ದಿಂಬಿನ ಗವಸಿನ್ಯಾಗ ತುಂಬಿ
ಏಸಿ ಬಾಯಿ ಮುಂದ ತೂಗಬಿಟ್ಟೆ.
ಆಕಿ ರೊಟ್ಟಿಗೆ ಚಳಿಗಾಲ ಸಿಕ್ಕಿತು.

ಇದನ್ನೂ ಪುಸ್ತಕದಾಗ ಬರೀಬೇಕು, ಅಳತಿ ಹೇಳು ಅಂದ್ಳು.
ಹಿಟ್ಟು ಹಿಡದಷ್ಟು ನೀರು, ಅಂದೆ.
ಪೆನ್ಸಿಲ್ ಇಟ್ಟು ನಗಾಕತ್ತಿದ್ಳು.
ಅವ್ವನ ಸಾಲೊಂದರ ಮ್ಯಾಲ ಬೆರಳಿಟ್ಟು ಓದಿದ್ಳು:
ನೀರು ಹಿಡದಷ್ಟು ಹಿಟ್ಟು.

ನೀನ ಬರಿ, ಅಂತ ನನ್ನ ಮುಂದ ದೂಡಿದ್ಳು.
ನಾಕನೇತ್ತೆ ತನಕ ಕಲಿತ ದಪ್ಪ ಅಕ್ಷರ ನಂದು.
ಆಕಿ ಅವ್ವನ ಜಿಡ್ಡುಗೈ ಹತ್ತಿ ಹತ್ತಿ ಆ ಹಾಳಿ
ಕಂದೀಲ ಗಾಜಿನಂಗ ಆಗಿತ್ತು, ಪೆನ್ಸಿಲ್ ಜಾರತಿತ್ತು.
ಬೆಣ್ಣಿ ಅನ್ನೋ ಶಬ್ದಕ್ಕ ಗೀಟು ಬಿದ್ದದ,
ಬೆಣ್ಣಿಗೆ ಬಿದ್ದಿಲ್ಲ.
ಹಾಳಿ ತಿರುವಿದ್ರ ಆ ಕಡಿಂದ ನನ್ನ ಅಕ್ಷರ
ಉಲ್ಟಾ ಕಾಣತಾವ,
ಯಾವ ಊರಿನವೋ ಏನೋ ಅನ್ನಂಗ.