ಹೊಗಿ ಅಲಮಾರಿ

ಕೇಳಿದವ್ರಿಗೆ ಹೇಳ್ತೀನಿ, ಇದು ಗೂಡಲ್ಲ, ಭಟ್ಟಿಯಲ್ಲ,
ಸಲೋಮಿಯ ಮದುವಿ ಅಲಮಾರಿ.
ತೊಂಬತ್ತೆರಡರಾಗ ಹುಮನಾಬಾದಿಂದ ಟೆಂಪೊದಾಗ ಬಂದದ್ದು,
ಒಂದು ಕಾಲು ಆವತ್ತೇ ಸೊಟ್ಟ.
ಕೆಳಗಿನ ತಗಡು ಜಂಗ್ ತಿಂದು ಜರಡಿ ಆದಾಗ
ಗುಜರಿಯವ ಕೆಜಿ ಲೆಕ್ಕ ಹೇಳ್ದ.
ನಾನಂದೆ, ತೂಕಕ್ಕ ಕೊಡೂ ವಸ್ತು ಅಲ್ಲ ಇದು.
ಅಕಿ ನಕ್ಕಳು: ಮತ್ತ್ಯಾತಕ್ಕ ಅದ?

ಅಂಗಳದಾಗ ಶಾಬಾದಿ ಪರಸಿ ಹಾಸಿದೆ.
ನೀರು ಕಾಸೂ ಹಳೇ ಬಂಬದ ಹೊಟ್ಟಿ ಕೊಯ್ದು ಒಲಿ ಮಾಡಿದೆ,
ಎರಡರ ನಡುವ ಮೊಳದುದ್ದ ಪೈಪು.
ನೆತ್ತಿಗೊಂದು ತೂತು, ತೂತಿಗೆ ಕೊಳವಿ,
ಕೊಳವಿ ಬಾಯಿಗೆ ಹಾಲಿನ ಪುಡಿ ಡಬ್ಬಿ ಮುಚ್ಚಳ,
ಒಂದೇ ಮೊಳಿ ಮ್ಯಾಲ ತಿರಗೂ ಹಂಗ.
ಸೀರಿ ಇಡೂ ಅಂಕಣದಾಗ ಸೈಕಲ್ ಕಡ್ಡಿ ಜಾಳಗಿ.
ಲಾಕರಿನ್ಯಾಗ, ಬೋರಮಾಳ ಇಟ್ಟಲ್ಲಿ,
ಈಗ ಆಡಿನ ಕಾಳಿಜ.

ಮೊದಲ್ನೇ ಸರ್ತಿ ಖಂಡ ಬಾಯಾಗಿಟ್ಟ ಅಕಿ ಅಣ್ಣ ಪ್ರಭುದಾಸ
ಭಾಳ ಹೊತ್ತು ಮಾತಾಡಲಿಲ್ಲ.
ಆಮ್ಯಾಲ ಅಂದ: ನುಸಿಗುಳಿಗಿ.
ಮೂವತ್ತು ವರ್ಷದ ಸೀರಿ ವಾಸನಿ ಕಬ್ಬಿಣದಾಗ ಕೂತಿತ್ತು.
ಬಣ್ಣ ಸುಟ್ಟೆ, ಕಲ್ಲುಪ್ಪಿಲೆ ತಿಕ್ಕಿದೆ,
ಎರಡು ದಿನ ಬರೇ ಬೆಂಕಿ ಉಣಿಸಿದೆ.

ಎರಡನೇ ಸರ್ತಿ ಕಹಿ.
ಮಸಿ ಕುಡಿದ ಕರಿ ಖಂಡ.
ನಾಯಿಗೆ ಹಾಕಿದ್ರ ನಾಯಿ ನನ್ನ ಮಾರಿ ನೋಡ್ತು.
ಹಸಿ ಜಾಲಿ ಇಟ್ಟಿದ್ದೆ, ಮುಚ್ಚಳ ಪೂರಾ ಮುಚ್ಚಿದ್ದೆ,
ಹೊಗಿ ಹೊರಗ ಹೋದ್ರ ರುಚಿ ಹೋಗ್ತದಂತ ನನ್ನ ಲೆಕ್ಕ.

ಇದೇ ವಾಡಿಯೊಳಗ ನಮ್ಮಪ್ಪ ಉಗಿಬಂಡಿಗೆ ಕಲ್ಲಿದ್ದಿಲಿ ಹಾಕಾಂವ.
ಕರಿ ಹೊಗಿ ಬಂದ್ರ ಬೆಂಕಿಗೆ ಉಸುರಿಲ್ಲ ಅಂತಿದ್ದ,
ಬಿಳಿ ಬಂದ್ರ ಕಟಗಿ ಇನ್ನಾ ಅಳಲತ್ತದ.
ಕಂಡೂ ಕಾಣದಂಗ ಇದ್ರ, ಬಿಡು,
ಅದರ ಕೆಲಸ ಅದು ಮಾಡ್ಲತ್ತದ.
ಅಂವ ಹೋಗಿ ಹದಿನೆಂಟು ವರ್ಷಕ್ಕ
ಆ ಮಾತು ಬಂದು ಮುಚ್ಚಳ ಅರ್ಧ ತಿರುವಿತು.

ಒಣಗಿದ ಜಾಲಿ, ನಡುನಡುವ ಒಂದು ಪೇರಲ ತುಂಡು.
ಬಾಗಲ ಸಂದಿಗೆ ಜೋಳದ ಹಿಟ್ಟು ನಾದಿ ಮೆತ್ತಿದೆ,
ಕೀಲಿ ತೂತೊಂದು ಬಿಟ್ಟು.
ಕನ್ನಡಿ ಇನ್ನಾ ಅದ, ಮಸಿ ಹಿಡದು.
ಅಂಗೈ ಅಗಲ ಒರಸಿ
ಸಲೋಮಿ ಈಗೂ ಅಲ್ಲೇ ಸೆರಗು ಸರಿ ಮಾಡ್ಕೊತಾಳ.

ಆದ್ರೂ ಒಂದು ಕೊರತಿ. ಖರೆ ಹೇಳ್ಬೇಕಂದ್ರ
ಅದು ಅಲಮಾರಿದಲ್ಲ, ನಂದು.
ತಾಸಿಗೊಮ್ಮೆ ಬಾಗಲಾ ತೆಗಿತಿದ್ದೆ,
ಕೆಂಪಾತೇನು, ಎಣ್ಣಿ ಇಳೀತೇನು.
ತೆಗದಾಗೊಮ್ಮೆ ಒಳಗಿನ ಕಾವೆಲ್ಲ ಓಣಿ ಪಾಲು.
ಓಣಿ ಹುಡುಗ್ರಿಗೆ ಖುಷಿ.

ಮೊನ್ನೆ ಶನಿವಾರ ಸಂಜಿಗೆ
ಖಾರ, ಬಳ್ಳೊಳ್ಳಿ ತಿಕ್ಕಿದ ತೊಡಿ ತೂಗುಬಿಟ್ಟು,
ಹಿಟ್ಟು ಮೆತ್ತಿ ಕೈ ತೊಳಿಯೂದ್ರಾಗ
ಹಿಂದ ಕಟ್ ಅಂತು.
ಅಕಿ ಕೀಲಿ ತಿರುವಿ, ಕೀಲಿಕೈ ಸಂಚಿಗೆ ಹಾಕ್ಕೊಂಡು,
ಮಕ್ಕೋ ಹೋಗು ಅಂದಳು,
ನಾಳಿ ಚರ್ಚಿಗೆ ಹೋಗಿ ಬಂದ ಮ್ಯಾಲ ತೆಗಿತೀನಿ.

ಮಕ್ಕೊಳ್ಳಲಿಲ್ಲ.
ಬಂಬದ ಬಾಯಿಗೆ ಒಂದೊಂದೇ ಕಟಗಿ ಕೊಡ್ತಾ ಕೂತೆ.
ರಾತ್ರಿ ಎರಡರ ಗಾಡಿ ಹೋತು, ಪರಸಿ ನಡುಗಿತು.
ಕೊಳವಿ ಮ್ಯಾಲ ಏನೂ ಇಲ್ಲ,
ಅದರ ನೇರಕ್ಕಿದ್ದ ಚುಕ್ಕಿ ಮಾತ್ರ ತುಸು ಅಲುಗಲತ್ತಿದ್ವು.
ಒಳಗೊಂದು ಹನಿ ಬಿತ್ತು.
ಅತ್ತಿತ್ತ ನೋಡಿ, ಅರವತ್ತರ ವಯಸ್ಸಿನಾಗ,
ಕೀಲಿ ತೂತಿಗೆ ಮೂಗು ಹಚ್ಚಿದೆ.